ಕೀವರ್ಡ್ ಭಾವ

ನಮ್ಮ ಭಾವ ಬಾಯಾರಿದಾಗ "ನೀರು ಕೊಡು" ಎನ್ನುವುದಿಲ್ಲ. "ಕುಡಿಯುವ ನೀರು, ತಣ್ಣಗಿನದು, ನನ್ನ ಹತ್ತಿರ" ಎನ್ನುತ್ತಾರೆ. ಜನ ಯಾವ ಪದ ಹಾಕಿ ಹುಡುಕುತ್ತಾರೆಂದು ಪತ್ತೆಹಚ್ಚಿ ಅಂಗಡಿಗಳ ವೆಬ್‌ಸೈಟನ್ನು ಗೂಗಲ್‌ನಲ್ಲಿ ಮೇಲಕ್ಕೆ ತರುವುದು ಅವರ ಕಸುಬು. ಕಸುಬು ನಾಲಿಗೆಗೂ ಹತ್ತಿದೆ.

ಕೀವರ್ಡ್ ಪ್ಲ್ಯಾನರ್ ಎಂದು ಗೂಗಲ್‌ನದೇ ಒಂದು ಸಾಧನವಿದೆ. ಜಾಹೀರಾತಿಗೆ ದುಡ್ಡು ಸುರಿಯದವರಿಗೆ ಅದು ಸರಿಯಾದ ಲೆಕ್ಕ ಬಿಟ್ಟುಕೊಡುವುದಿಲ್ಲ. ತಿಂಗಳಿಗೆ 100ರಿಂದ 1,000 ಹುಡುಕಾಟ ಎಂದು ಸಾಗಹಾಕುತ್ತದೆ. ಅದರ ಸಹವಾಸದಲ್ಲಿ ಭಾವನೂ ಹಾಗೇ ಆಗಿದ್ದಾರೆ. ಮಗಳ ನಾಮಕರಣಕ್ಕೆ ಅಡುಗೆಯವರು "ಎಷ್ಟು ಎಲೆ ಸಾರ್?" ಎಂದು ಕೇಳಿದರೆ, "ನೂರರಿಂದ ಸಾವಿರ" ಎಂದರು. ಅಕ್ಕ ಒಳಗಿಂದ "ನೂರಿಪ್ಪತ್ತು" ಎಂದು ಕೂಗಿದ ಮೇಲೆಯೇ ಆ ಮನುಷ್ಯ ಉಸಿರುಬಿಟ್ಟಿದ್ದು.

ಸರ್ಕಾರದ ಮೇಲೂ ಅವರಿಗೆ ಒಂದು ಸಿಟ್ಟಿದೆ. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಇಂಗ್ಲಿಷಿನಲ್ಲೂ ಬೆಂಗಳೂರಾಯಿತಲ್ಲ, ಹುಡುಕುವ ಜನ ಮಾತ್ರ ಹಳೆಯದನ್ನು ಬಿಡಲಿಲ್ಲ. ಊರು ಒಂದು, ಕೀವರ್ಡ್ ಎರಡು. ಊರೆಲ್ಲ ಬಾವುಟ ಹಾರಿಸುತ್ತಿದ್ದರೆ ಇವರು ಎಕ್ಸೆಲ್‌ನಲ್ಲಿ ಹೊಸ ಸಾಲು ತೆರೆಯುತ್ತಿದ್ದರಂತೆ.

ಇಂಥವರ ಕಣ್ಣು ಅಮ್ಮನ ಚಕ್ಕುಲಿಯ ಮೇಲೆ ಬಿತ್ತು. ಅಮ್ಮ ಮನೆಯಲ್ಲೇ ಕರಿದು, ಬಾಯಿಂದ ಬಾಯಿಗೆ ಹರಡಿದ ಹೆಸರಿನ ಮೇಲೆ ಮಾರುವವಳು. "ಅತ್ತೆ, ನಿಮ್ಮದನ್ನ ಮೊದಲನೇ ಪುಟಕ್ಕೆ ತರ್ತೀನಿ" ಎಂದು ಭಾವ ಲ್ಯಾಪ್‌ಟಾಪ್ ಬಿಚ್ಚಿದರು. ಮೂರು ದಿನ ಬರೀ ಕಾಗುಣಿತ. ಚಕ್ಲಿ, ಚಕ್ಕಲಿ, ಚಕ್ಕುಲಿ; ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕೆ ಒಂದೋ ಎರಡೋ, ನಡುವೆ ಎ ಬರುತ್ತೋ ಯು ಬರುತ್ತೋ! ಒಂದು ಮಾತಿಗೆ ಮಾತ್ರ ನಾನೂ ತಲೆದೂಗಿದೆ. "ಚಕ್ಕುಲಿ ಮಾಡುವ ವಿಧಾನ ಅಂತ ಹುಡುಕೋರು ಆಗಲೇ ಒರಳು ಹಿಡ್ಕೊಂಡು ಕೂತಿರ್ತಾರೆ, ಅವರು ಕಾಸು ಬಿಚ್ಚಲ್ಲ. ಕೆಜಿಗೆ ಎಷ್ಟು ಅಂತ ಹುಡುಕ್ತಾನಲ್ಲ, ಅವನು ಗಿರಾಕಿ."

ಇಷ್ಟು ಬಲ್ಲವರು ಅಮ್ಮನ ವೆಬ್ ಪುಟಕ್ಕೆ ಬರೆದಿದ್ದೇನು? "ಬೆಂಗಳೂರಿನ ಅತ್ಯುತ್ತಮ ಚಕ್ಕುಲಿ ಬೇಕೆ? ಬ್ಯಾಂಗಲೋರಿನ ಅತ್ಯುತ್ತಮ ಚಕ್ಲಿಗಾಗಿ ಬೆಂಗಳೂರಿನ ಮನೆ ಚಕ್ಕುಲಿ, ಮುರುಕ್ಕು..." ಪುಟದ ಕೋಡ್‌ನೊಳಗೆ ಅಡಗಿಸಿಡುವ ಕೀವರ್ಡ್ ಟ್ಯಾಗನ್ನು ತಾನು ಕಣ್ಣೆತ್ತಿಯೂ ನೋಡುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ, ಅದಕ್ಕೇ ಇರಬೇಕು, ಅಲ್ಲಿ ಹಾಕಿ ಫಲವಿಲ್ಲದ್ದನ್ನೆಲ್ಲ ಇಲ್ಲಿ ತುರುಕಿದ್ದರು. ಹೀಗೆ ತುರುಕಿದರೆ ಗೂಗಲ್ ಇನ್ನೂ ಕೆಳಕ್ಕೆ ತಳ್ಳುತ್ತದೆಂದು ಕಂಡವರಿಗೆಲ್ಲ ಪಾಠ ಹೇಳುವವರೂ ಇವರೇ. ಅಮ್ಮ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಳು. "ಇದೇನು ಅಳಿಯಂದಿರೇ, ಚಕ್ಕುಲಿಯ ಅಷ್ಟೋತ್ತರವೇ?"

"ಮುರುಕ್ಕು ಯಾಕೆ ಭಾವ?" ಎಂದೆ. "ಹುಡುಕೋರು ಜಾಸ್ತಿ ಕಣೋ, ವಾಲ್ಯೂಮ್!"

ಗೌರಿ ಹಬ್ಬಕ್ಕೆ ಮೂರು ದಿನವಿತ್ತು. ನೆಟ್‌ನಲ್ಲಿ ನೋಡಿಕೊಂಡೇ ಬಂದ ಮೊದಲ ಗಿರಾಕಿ, ಒಬ್ಬ ಹುಡುಗ, ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿದ. ಅಮ್ಮ ಹಿಟ್ಟಿನ ಕೈಯಲ್ಲೇ ಹೋದಳು.

"ಆಂಟಿ, ಮುರುಕ್ಕು ಇದೆಯಾ? ಎರಡು ಕೆಜಿ ಬೇಕಿತ್ತು."

"ಮುರುಕ್ಕು ಎಲ್ಲ ನಾವು ಮಾಡಲ್ಲಪ್ಪ. ನಮ್ಮಲ್ಲಿ ಚಕ್ಕುಲಿ ಮಾತ್ರ" ಎಂದು ಬಾಗಿಲು ಮುಂದೆ ಮಾಡಿಕೊಂಡು ಬಂದಳು.

ಭಾವ ಬರಿಗಾಲಲ್ಲಿ ಗೇಟಿಗೆ ಓಡುವಷ್ಟರಲ್ಲಿ ಸ್ಕೂಟರ್ ತಿರುವು ದಾಟಿತ್ತು.