ಮೊದಲ ಸ್ಥಾನದ ಗ್ಯಾರಂಟಿ

ಅಂತರ್ಜಾಲದ ಹುಡುಕಾಟದಲ್ಲಿ ಅಂಗಡಿಯ ಹೆಸರನ್ನು ಮೇಲೆ ತರುವ ಕಸುಬಿಗೆ ಎಸ್‌ಇಒ ಎನ್ನುತ್ತಾರೆ. ಬೆಂಗಳೂರಿನ ಕುಕ್ ಟೌನಿನ ಬೇಕರಿಗೂ ಹಲ್ಲಿನ ಕ್ಲಿನಿಕ್ಕಿಗೂ ಈಗ ಇದು ಬೇಕು. ಹಲ್ಲುನೋವು ಬಂದವರು ಎರಡನೆಯ ಪುಟದವರೆಗೆ ತಾಳುವುದಿಲ್ಲ.

ಎಸ್‌ಇಒ ಕಂಪನಿ ಆರಿಸುವಾಗ ಮೊದಲು ಕೈಬಿಡಬೇಕಾದದ್ದು ‘ಒಂದೇ ವಾರದಲ್ಲಿ ನಂಬರ್ ಒನ್’ ಎನ್ನುವವರನ್ನು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರೆಂದು ಗೂಗಲ್ಲೇ ಹೇಳಿದೆ. ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕೆಂದೂ ಹೇಳಿದೆ. ಬೀದಿಯ ಹತ್ತು ದಂತವೈದ್ಯರಿಗೂ ‘ನಂಬರ್ ಒನ್’ ಎಂಬ ಮಾತು ಕೊಟ್ಟರೆ ಮೊದಲ ಸ್ಥಾನದಲ್ಲಿ ಹತ್ತು ಕುರ್ಚಿ ಹಾಕಿಸಬೇಕಾದೀತು.

ಎರಡನೆಯದು ಅಡ್ಡದಾರಿ. ಗೂಗಲ್‌ಗೆ ಒಂದು ಪುಟ, ಗ್ರಾಹಕರಿಗೆ ಇನ್ನೊಂದು ಪುಟ ತೋರಿಸಿದ್ದಕ್ಕೆ 2006ರಲ್ಲಿ ಬಿಎಂಡಬ್ಲ್ಯೂ ಕಂಪನಿಯ ಜರ್ಮನ್ ಜಾಲತಾಣವನ್ನೇ ಗೂಗಲ್ ಪಟ್ಟಿಯಿಂದ ಕಿತ್ತುಹಾಕಿತ್ತು. ಗೂಗಲ್‌ನ 2012ರ ‘ಪೆಂಗ್ವಿನ್’ ಮಾರ್ಪಾಡು ದುಡ್ಡು ಕೊಟ್ಟು ಲಿಂಕ್ ಕಟ್ಟಿಸಿಕೊಂಡ ತಾಣಗಳನ್ನು ಕೆಳಗೆ ತಳ್ಳಿತು. ಬಿಎಂಡಬ್ಲ್ಯೂಗೆ ಸಿಗದ ವಿನಾಯಿತಿ ಬೆಣ್ಣೆ ಬಿಸ್ಕತ್ತಿಗೆ ಸಿಕ್ಕೀತೇ?

ನಂಬಿಕಸ್ಥ ಕಂಪನಿ ಭರವಸೆಗಿಂತ ಮೊದಲು ಪ್ರಶ್ನೆ ಕೇಳುತ್ತದೆ: ಗ್ರಾಹಕರು ಯಾರು, ಏನೆಂದು ಹುಡುಕುತ್ತಾರೆ? ಬಡಾವಣೆಯ ಮತಕ್ಷೇತ್ರ ಸರ್ವಜ್ಞನಗರವಾದರೂ ಕೇಕ್ ಬೇಕಾದವರು ಟೈಪಿಸುವುದು ಕುಕ್ ಟೌನ್ ಎಂದೇ ಎಂಬುದು ಅದಕ್ಕೆ ತಿಳಿದಿರುತ್ತದೆ. ಮಾಡಿದ ಕೆಲಸವನ್ನು ಗೂಗಲ್‌ನ ‘ಸರ್ಚ್ ಕನ್ಸೋಲ್’ ಎಂಬ ಸಾಧನದ ಅಂಕಿಗಳೊಂದಿಗೆ ತಿಂಗಳು ತಿಂಗಳು ಒಪ್ಪಿಸುತ್ತದೆ. ಡೊಮೇನ್, ಖಾತೆ, ಪಾಸ್‌ವರ್ಡ್ ಎಲ್ಲವನ್ನೂ ಮಾಲೀಕರ ಕೈಯಲ್ಲೇ ಬಿಡುತ್ತದೆ. ತನ್ನ ಹಳೆಯ ಗ್ರಾಹಕರ ಹೆಸರು ಕೇಳಿದರೆ ‘ಅದು ಕಂಪನಿಯ ಗುಟ್ಟು’ ಎನ್ನುವುದಿಲ್ಲ.

ಗೂಗಲ್ ನಕ್ಷೆಯಲ್ಲಿ ಅಂಗಡಿಯ ವಿಳಾಸ, ವೇಳೆ, ಫೋಟೋ ಸೇರಿಸುವುದು ಉಚಿತ. ಅದಕ್ಕೂ ಗೂಗಲ್ ಶುಲ್ಕವೆಂದು ಬಿಲ್ ಹಾಕುವವರಿಗೆ ಒಂದು ಕಾಫಿ ಕುಡಿಸಿ ಕಳಿಸಿದರೆ ಸಾಕು.