ತುಕ್ಕೇಗೌಡರ ಹೆರಾಲ್ಡು

ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದರೆ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚು ಬುಡದವರೆಗೂ ಎದ್ದು ನಿಲ್ಲುತ್ತದೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚು ಅದು. 1979ರಲ್ಲಿ ಗೊರೂರು ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಮುಳುಗುವುದು, ಬೇಸಿಗೆಯಲ್ಲಿ ಏಳುವುದು ಅದರ ಕಾಯಕ. ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಮದುವೆಗೆ ಮುಂಚಿನ ಜೋಡಿಗಳು, ಅವರ ಹಿಂದೆ ಫೋಟೊದವರು, ಅವರ ಹಿಂದೆ ಚುರುಮುರಿಯವರು. ಇಷ್ಟೂ ಜನ ಚರ್ಚಿನ ಕಡೆ ಮುಖ ಮಾಡಿರುವಾಗ, ಅದಕ್ಕೆ ಬೆನ್ನು ಹಾಕಿ ಊರೊಳಗಿನ ಹುಲ್ಲಿನ ಬಣವೆಗಳ ಸಂದಿಯಲ್ಲಿ ಇಣುಕುತ್ತಿರುವ ವ್ಯಕ್ತಿಯೊಬ್ಬರು ಕಂಡರೆ, ಅವರೇ ತುಕ್ಕೇಗೌಡರು ಅಂತ ತಿಳಿಯಿರಿ.

ಅದು ಅವರ ಹೆಸರಲ್ಲ, ಹಾಸನದ ಗುಜರಿ ಅಂಗಡಿಯವರು ಇಟ್ಟ ಬಿರುದು. ಅಪ್ಪ ಅಮ್ಮ ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಇಂಥವರು ತಾಲ್ಲೂಕಿಗೊಬ್ಬರಾದರೂ ಇದ್ದಾರೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳ ಆಡುತ್ತಾರೆ, ಆದರೆ ಗಾಳಿಗಾಗಿ ಅಲ್ಲ. ಮದುವೆಮನೆಗೆ ಹೋದರೆ ಊಟಕ್ಕೆ ಮೊದಲು ಹಿತ್ತಿಲು ನೋಡಿ ಬರುತ್ತಾರೆ. ಸಾವಿನ ಮನೆಗೆ ಹೋದರೆ, "ಎಷ್ಟು ವರ್ಷ ಆಗಿತ್ತು?" ಅನ್ನುವ ಪ್ರಶ್ನೆಗೆ ಮನೆಯವರು "ಎಂಬತ್ತೆರಡು" ಎಂದರೆ, "ಯಜಮಾನರಿಗಲ್ಲ, ಅವರು ಓಡಿಸುತ್ತಿದ್ದ ಗಾಡಿಗೆ" ಎಂದು ತಿದ್ದುತ್ತಾರೆ.

ಹೆಗಲಿನ ಚೀಲದಲ್ಲಿ ಒಂದು ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್, ಟಾರ್ಚು, ಪೆನ್ಸಿಲ್ಲು, ಬಿಳಿ ಹಾಳೆ. ವರ್ಷಕ್ಕೊಮ್ಮೆ ಸಂಸಾರ ಸಮೇತ ಧರ್ಮಸ್ಥಳ ಯಾತ್ರೆ ತಪ್ಪಿಸುವುದಿಲ್ಲ. ಆದರೆ ಮಂಜುನಾಥನ ದರ್ಶನ ಎಷ್ಟು ಬೇಗ ಮುಗಿಯುತ್ತದೋ ವೀರೇಂದ್ರ ಹೆಗ್ಗಡೆಯವರ ಹಳೇ ಕಾರುಗಳ ದರ್ಶನ ಅಷ್ಟೇ ನಿಧಾನ. ಹೆಗ್ಗಡೆಯವರ ಸಂಗ್ರಹಕ್ಕೆ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲಿ 'ಪಯಣ' ಎಂಬ ಸಂಗ್ರಹಾಲಯ ಬೇರೆ ಆದಮೇಲೆ ಗೌಡರ ಮೈಸೂರು ಪ್ರಯಾಣವೂ ಹೆಚ್ಚಾಗಿದೆ. ಅಲ್ಲಿನ ಮಿರಮಿರ ಮಿಂಚುವ ಕಾರುಗಳನ್ನು ನೋಡಿ ಎಲ್ಲರೂ "ಆಹಾ" ಅಂದರೆ ಇವರು ಮಾತ್ರ ಬಗ್ಗಿ ತಳ ನೋಡುತ್ತಾರೆ. ಅವರಿಗೆ ಬಣ್ಣ ಬಳಿದ ಕಾರು ಮುಗಿದುಹೋದ ಕಥೆ. ರುಚಿ ಇರುವುದು ತುಕ್ಕಿನಲ್ಲಿ.

ಶೆಟ್ಟಿಹಳ್ಳಿಗೆ ಅವರು ಪದೇ ಪದೇ ಬರುವುದಕ್ಕೆ ಮೂಲ ಇಟಲಿ-ಸ್ವಿಟ್ಜರ್‌ಲೆಂಡಿನ ಗಡಿಯ ಮಾಜೋರೆ ಸರೋವರ. ಅಲ್ಲಿ 1936ರಿಂದ ಐವತ್ತು ಮೀಟರಿಗೂ ಹೆಚ್ಚು ಆಳದಲ್ಲಿ ಕೂತಿದ್ದ 1925ರ ಬುಗಾಟಿಯೊಂದನ್ನು 2009ರಲ್ಲಿ ಮೇಲೆತ್ತಿದರು. ಒಂದು ಮಗ್ಗುಲು ಪೂರಾ ತಿಂದುಹೋಗಿತ್ತು. ಮುಂದಿನ ವರ್ಷ ಪ್ಯಾರಿಸ್ಸಿನ ಹರಾಜಿನಲ್ಲಿ ಅದು 2.6 ಲಕ್ಷ ಯೂರೊ ಹತ್ತಿರಕ್ಕೆ ಹೋಯಿತು. ಕೊಂಡವರು ಅದನ್ನು ರಿಪೇರಿ ಮಾಡದೆ ಹಾಗೇ ಇಟ್ಟರು. ಇದನ್ನು ಓದಿದ ದಿನದಿಂದ ಗೌಡರಿಗೆ ಹೇಮಾವತಿಯ ತಳದಲ್ಲೂ ಯಾವುದೋ ಪಾದ್ರಿಯ ಕಾರು ಇರಬೇಕೆಂಬ ಗುಮಾನಿ. ಮುಳುಗಡೆಗೆ ಊರು ಬಿಡುವ ಮಂದಿ ಹೆಂಚು, ತೊಲೆ, ಬಾಗಿಲ ಚೌಕಟ್ಟನ್ನೂ ಬಿಡದೆ ಕಿತ್ತು ಗಾಡಿಗೆ ಹೇರುತ್ತಾರೆ, ಕಾರನ್ನು ನೀರಿಗೆ ಬಿಟ್ಟು ಹೋಗುತ್ತಾರೆಯೇ ಎಂದು ಕೇಳಿದರೆ, "ಅದೇ ನೋಡಿ ರಹಸ್ಯ" ಅನ್ನುತ್ತಾರೆ.

ಅಮೆರಿಕದ ಟಲ್ಸಾ ಊರಿನ ಸುದ್ದಿಯನ್ನು ಮಾತ್ರ ಅವರೆದುರು ಎತ್ತಬಾರದು. 1957ರಲ್ಲಿ ಆ ಊರಿನವರು ಐವತ್ತು ವರ್ಷ ಬಿಟ್ಟು ತೆಗೆಯೋಣವೆಂದು ಹೊಚ್ಚ ಹೊಸ ಪ್ಲಿಮತ್ ಬೆಲ್ವೆಡೇರ್ ಕಾರನ್ನು ಕಾಂಕ್ರೀಟ್ ಗುಂಡಿಯಲ್ಲಿ ಹೂತಿದ್ದರು. 2007ರ ಜೂನ್‌ನಲ್ಲಿ ಜಾತ್ರೆ ಕೂಡಿಸಿ ಮುಚ್ಚಳ ತೆಗೆದರೆ ಗುಂಡಿಗೆ ನೀರು ನುಗ್ಗಿ ಕಾರು ಕೆಂಪು ಮಣ್ಣಿನ ಮುದ್ದೆಯಾಗಿತ್ತು. "ಅವರಿಗೆ ಹೂಳೋಕೆ ಬರಲ್ಲ" ಎಂಬುದು ಗೌಡರ ತೀರ್ಪು.

ಹಾಸನ ಜಿಲ್ಲೆಯ ತುಕ್ಕಿನ ಭೂಗೋಳ ಅವರ ಬಾಯಲ್ಲೇ ಕೇಳಬೇಕು. ಸಕಲೇಶಪುರದ ಎಸ್ಟೇಟುಗಳಲ್ಲಿ ಒಳ್ಳೊಳ್ಳೆಯ ಗಾಡಿಗಳಿದ್ದವು, ಆದರೆ ಮಲೆನಾಡಿನ ಮಳೆ ಒಂದನ್ನೂ ಬಿಟ್ಟಿಲ್ಲ. ಅರಕಲಗೂಡಿನದು ಅರ್ಧಂಬರ್ಧ. ಚನ್ನರಾಯಪಟ್ಟಣದ ಬಯಲಿನಲ್ಲಿ ಸಿಕ್ಕಿದ ಕಾರಿನ ತಗಡಿಗೆ ನಲವತ್ತು ವರ್ಷ ಆದರೂ ಜೀವ ಇರುತ್ತದೆ, ರಬ್ಬರ್ ಮಾತ್ರ ಪುಡಿ. ಹೊಳೆನರಸೀಪುರದ ಕಡೆ ಸಿಗುವ ಅಂಬಾಸಿಡರ್‌ಗಳಿಗೆ ತುಕ್ಕಿಗಿಂತ ಇತಿಹಾಸ ಜಾಸ್ತಿ. ಪ್ರತಿಯೊಂದರಲ್ಲೂ ದೇವೇಗೌಡರು ಒಂದಲ್ಲ ಒಂದು ಚುನಾವಣೆಗೆ ಕೂತು ಹೋಗಿರುತ್ತಾರೆ, ಮಾಲೀಕರು ಅದನ್ನೂ ಬೆಲೆಗೆ ಸೇರಿಸುತ್ತಾರೆ. ಮಳೆಯನ್ನೂ ಮೀರಿಸಿದ ಶತ್ರುಗಳು ಎರಡು ಎಂದು ಗೌಡರು ಹೇಳುವುದು ಸುಳ್ಳಲ್ಲ. ಮೊದಲನೆಯದು ಪ್ರೀತಿಯಿಂದ ಹೊದಿಸಿದ ಟಾರ್ಪಾಲು, ಅದು ಒಳಗಿನ ತೇವವನ್ನು ಆಚೆ ಬಿಡುವುದಿಲ್ಲ. ಎರಡನೆಯದು ಹಿಂದಿನ ಸೀಟಿನ ಮೇಲೆ ಪೇರಿಸಿದ ಪೊಟ್ಯಾಷ್ ಮೂಟೆ. ಹಾಸನ ಆಲೂಗಡ್ಡೆಯ ಸೀಮೆ, ಗೊಬ್ಬರ ಇಡಲು ಜಾಗ ಬೇಕೇ ಬೇಕು. ಪೊಟ್ಯಾಷ್ ಅಂದರೆ ಕ್ಲೋರೈಡು, ತೇವ ಕುಡಿದ ಉಪ್ಪು ಕಬ್ಬಿಣವನ್ನು ತಿನ್ನುವ ವೇಗಕ್ಕೆ ಬರೀ ಮಳೆನೀರು ಸಾಟಿಯಲ್ಲ.

ಹೀಗಿರುವಾಗ ಒಂದು ಭಾನುವಾರ ಶೆಟ್ಟಿಹಳ್ಳಿಯಿಂದ ಅರಕಲಗೂಡಿನ ಕಡೆ ಹೋಗುವ ದಾರಿಯಲ್ಲಿ, ಒಂದು ಕೊಟ್ಟಿಗೆಯ ಮಗ್ಗುಲಲ್ಲಿ ಅವರಿಗೆ ಅದು ಕಂಡಿತು. ಮೇಲೆ ಹುರುಳಿ ಸೊಪ್ಪು, ಒಳಗೆ ಕೋಳಿ. ಮನೆಯ ಯಜಮಾನರು "ಫಿಯೆಟ್ ಸಾರ್ ಅದು" ಎಂದರು. ನಮ್ಮ ಕಡೆ ಅಂಬಾಸಿಡರ್ ಅಲ್ಲದ್ದೆಲ್ಲ ಫಿಯೆಟ್ಟೇ.

ಗೌಡರು ಉತ್ತರ ಕೊಡಲಿಲ್ಲ. ಸೊಪ್ಪು ಸರಿಸಿ, ಮುಂದಿನ ಚಕ್ರದ ಹಿಂದೆ ಎರಡೂ ಪಕ್ಕದಲ್ಲಿದ್ದ ಕೊಕ್ಕೆಗಳನ್ನು ಹುಡುಕಿ ತೆಗೆದರು. ಆಮೇಲೆ ಬಾನೆಟ್ಟಿನ ಬುಡಕ್ಕೆ ಕೈಕೊಟ್ಟು ಎತ್ತಿದರು. ಕಿರ್ರೋ ಎಂದು ಬಾನೆಟ್ಟು, ಎರಡೂ ಮಡ್‌ಗಾರ್ಡು, ಹೆಡ್‌ಲೈಟು ಎಲ್ಲಾ ಒಟ್ಟಿಗೆ ಮುಂದಕ್ಕೆ ಬಾಗಿ, ಎಂಜಿನ್ನು, ಮುಂದಿನ ಚಕ್ರ, ಸ್ಟೀರಿಂಗು ಬಯಲಾದವು. ಎರಡು ಕೋಳಿ ಹಾರಿಹೋದವು. "ಸ್ಟ್ಯಾಂಡರ್ಡ್ ಹೆರಾಲ್ಡ್!" ಎಂದರು ಗೌಡರು.

ಆಮೇಲೆ ಬಾಗಿಲು ಎಣಿಸಿದರು. ನಾಲ್ಕು. ಅಂದರೆ 1968ಕ್ಕಿಂತ ಈಚಿನದು. ಇಟಲಿಯ ಮಿಕೆಲೊಟ್ಟಿ ರೂಪ ಕೊಟ್ಟ ಈ ಕಾರು ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂದು 1959ರಲ್ಲಿ ಹೊರಬಂತು. 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ತಯಾರಿಸಿತು. ಇಂಗ್ಲೆಂಡಿನಲ್ಲಿ ಕೊನೆಯವರೆಗೂ ಎರಡೇ ಬಾಗಿಲು. ಮುಂದಿನ ಸೀಟು ಮಡಚಿ ಸೀರೆ ಉಟ್ಟ ಅತ್ತೆಯನ್ನು ಹಿಂದಕ್ಕೆ ನುಗ್ಗಿಸುವ ಕಷ್ಟ ಅಲ್ಲಿನವರಿಗೇನು ಗೊತ್ತು, ನಾಲ್ಕು ಬಾಗಿಲಿನ ಹೆರಾಲ್ಡ್ ನಮ್ಮಲ್ಲೇ ಆದದ್ದು. ಇದಾದ ಮೇಲೆ ಬಂದದ್ದು ಗೆಜೆಲ್, ಅದಕ್ಕೆ ಹಿಂದಿನ ಆಕ್ಸಲ್ ಬೇರೆ. ಗೌಡರು ನೆಲಕ್ಕೆ ಅಂಗಾತ ಮಲಗಿ ಟಾರ್ಚು ಬಿಟ್ಟು ಅದನ್ನೂ ಖಾತ್ರಿ ಮಾಡಿಕೊಂಡರು. ಮೇಲೆದ್ದಾಗ ಬೆನ್ನಿಗೆ ಸೆಗಣಿ, ಮುಖಕ್ಕೆ ಕಾಂತಿ.

ಇನ್ನು ತಪಾಸಣೆ. ಅಯಸ್ಕಾಂತ ಬಾಗಿಲಿಗೆ ಅಂಟಿತು, ಹಿಂದಿನ ಮಡ್‌ಗಾರ್ಡಿಗೆ ಅಂಟಲಿಲ್ಲ. ಅಂದರೆ ಯಾವುದೋ ಕಾಲದ ಗ್ಯಾರೇಜಿನವನು ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾನೆ. ಸ್ಕ್ರೂಡ್ರೈವರ್ ಹಿಡಿಯಿಂದ ಡಿಕ್ಕಿಯ ತಳ ಬಡಿದರು. ಗಟ್ಟಿ ತಗಡು ಟಣ್ ಅನ್ನಬೇಕು, ಇದು ದಬ್ ಅಂದು ಸ್ಕ್ರೂಡ್ರೈವರ್ ಸಮೇತ ಕೆಳಗೆ ಹೋಯಿತು. "ಪರವಾಗಿಲ್ಲ" ಎಂದರು ಗೌಡರು. ನಿಜಕ್ಕೂ ಪರವಾಗಿಲ್ಲ. ಅಂಬಾಸಿಡರ್‌ಗೂ ಫಿಯೆಟ್ಟಿಗೂ ಬಾಡಿಯೇ ಬೆನ್ನೆಲುಬು, ಬಾಗಿಲ ಕೆಳಗಿನ ಪಟ್ಟಿ ಕೊಳೆತರೆ ಕಾರು ನಡು ಮುರಿದು ಕೂರುತ್ತದೆ. ಹೆರಾಲ್ಡಿಗೆ ಬೇರೆ ಚಾಸಿ ಇದೆ, ಬಾಡಿಯನ್ನು ತುಂಡು ತುಂಡಾಗಿ ಬೋಲ್ಟು ಹಾಕಿ ಕೂರಿಸಿದ್ದಾರೆ. ಅದಕ್ಕೂ ಕಾರಣ ಒಂದು ದಾಯಾದಿ ಜಗಳ. ಸ್ಟ್ಯಾಂಡರ್ಡ್-ಟ್ರಯಂಫ್‌ಗೆ ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಬಿಎಂಸಿ ಕಂಪನಿ ಕೊಂಡುಬಿಟ್ಟಿತು. ಇವರು ಅಲ್ಲಿ ಇಲ್ಲಿ ಚೂರುಚೂರು ಮಾಡಿಸಿ ಜೋಡಿಸಬೇಕಾಯಿತು. ಆ ಜಗಳದ ಪುಣ್ಯದಿಂದ ಅರಕಲಗೂಡು ದಾರಿಯ ಹೆರಾಲ್ಡು ಈಗಲೂ ಬಿಚ್ಚಿ ಜೋಡಿಸುವ ಸ್ಥಿತಿಯಲ್ಲಿತ್ತು.

ಕೊನೆಗೆ ಗೌಡರು ಮಾಡಿದ ಒಂದು ಕೆಲಸವೇ ಕೆಲಸ ಕೆಡಿಸಿತು. ಎಂಜಿನ್ ಹಿಂದಿನ ತಗಡಿನ ಫಲಕಕ್ಕೆ ಬಿಳಿ ಹಾಳೆ ಒತ್ತಿ, ಮೇಲೆ ಪೆನ್ಸಿಲ್ ಉಜ್ಜಿ ನಂಬರು ಇಳಿಸಿಕೊಂಡರು. ತುಕ್ಕು ಹಿಡಿದು ಕಣ್ಣಿಗೆ ಕಾಣದ ಅಂಕಿಗಳು ಹಾಳೆಯ ಮೇಲೆ ಒಂದೊಂದಾಗಿ ಬಿಳಿಯಾಗಿ ಎದ್ದವು, ಗೌಡರು ನಕ್ಕರು. ಅಲ್ಲಿಯವರೆಗೆ "ತಗೊಂಡೋಗಿ ಸಾರ್, ಜಾಗ ಖಾಲಿ ಆಯ್ತದೆ" ಅನ್ನುತ್ತಿದ್ದ ಯಜಮಾನರ ಮುಖ ಬದಲಾಯಿತು. ಹಾಸನದಿಂದ ಒಬ್ಬ ಮನುಷ್ಯ ಬಂದು, ಸೆಗಣಿಯಲ್ಲಿ ಮಲಗಿ ಎದ್ದು, ಕಾಗದಕ್ಕೆ ಪೆನ್ಸಿಲ್ ಉಜ್ಜಿ ನಗಬೇಕಾದರೆ ಏನೋ ಇದೆ. "ನಮ್ಮಪ್ಪಾರು ತಂದಿದ್ದು. ನೆನಪಿಗೆ ಇಟ್ಕೊಂಡಿದೀವಿ" ಎಂದರು. ಅಷ್ಟರಲ್ಲಿ ಅವರ ಮಗ ಮೊಬೈಲಿನಲ್ಲಿ ಫ್ರಾನ್ಸಿನ ಸುದ್ದಿ ತೆಗೆದಿದ್ದ. 2014ರಲ್ಲಿ ಹಳೇ ಪತ್ರಿಕೆಗಳ ರಾಶಿಯ ಅಡಿಯಲ್ಲಿ ಸಿಕ್ಕಿದ ಫೆರಾರಿ ಮರುವರ್ಷ 1.6 ಕೋಟಿ ಯೂರೊಗೂ ಮೇಲೆ ಹೋಯಿತಂತೆ. ಅದು ಫೆರಾರಿ, ಇದು 948 ಸಿಸಿಯ ಹೆರಾಲ್ಡು ಎಂದು ಗೌಡರು ತಿಳಿಸಿಹೇಳಿದರು. "ಅದೂ ಕೊಟ್ಟಿಗೇಲೇ ಇತ್ತಂತಲ್ಲ ಅಂಕಲ್" ಎಂದ ಹುಡುಗ.

ಬೆಲೆ ಹೇಗೋ ಹೊಂದಿತು ಎಂದಿಟ್ಟುಕೊಳ್ಳಿ. ಆರ್‌ಸಿ ಪುಸ್ತಕ? ಅದನ್ನು ಅಟ್ಟದಿಂದ ಇಳಿಸಿದರು. ಮೈಸೂರು ರಾಜ್ಯದ ಕಾಲದ ಎಂ.ವೈ. ನಂಬರು, ಅಂಚು ಗೆದ್ದಲಿಗೆ, ಹೆಸರು ತೀರಿಕೊಂಡ ಅಪ್ಪನದು. ಅಣ್ಣತಮ್ಮಂದಿರು ನಾಲ್ವರು, ಒಬ್ಬಳು ತಂಗಿ. ಜಮೀನು ಭಾಗ ಆದಾಗ ಪಾಲುಪಟ್ಟಿಯಲ್ಲಿ ಬಚ್ಚಲ ಹಂಡೆಯೂ ಇದೆ, ಕಾರು ಮಾತ್ರ ಇಲ್ಲ. ಹೊಲಕ್ಕೆ ಪೌತಿ ಖಾತೆ ಮಾಡಿಸಿದಂತೆ ಕಾರಿಗೂ ಮಾಡಿಸಬೇಕಾದ ಪ್ರಸಂಗ. ಹದಿನೈದು ವರ್ಷದಿಂದ ಮಾತು ಬಿಟ್ಟಿದ್ದ ಎರಡನೇ ತಮ್ಮ, ಅಣ್ಣ ಸಹಿ ಮಾಡಿದ ಹಾಳೆಯ ಮೇಲೆ ತಾನು ಮಾಡುವುದಿಲ್ಲ ಎಂದು ಬೇರೆ ಹಾಳೆ ಕೇಳಿದ. ಹಳೇ ಕಾರು ಕೊಳ್ಳುವವನಿಗೆ ವೆಲ್ಡಿಂಗ್ ಬರದಿದ್ದರೂ ನಡೆದೀತು, ಪಂಚಾಯ್ತಿ ಮಾಡಲು ಬರಬೇಕು.

ಕಾನೂನಿನಲ್ಲಿ ದಾರಿಯಿದೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನ 'ವಿಂಟೇಜ್'. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಮಾನ್ಯ, ನವೀಕರಣಕ್ಕೆ 5,000, ನಂಬರಿನ ನಡುವೆ 'ವಿಎ' ಎಂಬ ಅಕ್ಷರ. ದಿನದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಭಾರೀ ಬದಲಾವಣೆ ಆಗಿರಬಾರದು, ಮೂಲ ರೂಪದಲ್ಲೇ ಇರಬೇಕು ಎಂದೂ ನಿಯಮವಿದೆ. ಮೂಲ ರೂಪದಲ್ಲಿ ಉಳಿದಿರುವುದು ತುಕ್ಕು ಒಂದೇ ಎಂದು ಗೌಡರ ವಕೀಲ ಮಿತ್ರರು ನಕ್ಕರು.

ಅಂತೂ ಸಹಿಗಳು ಬಿದ್ದವು. ಹೊಸ ಕೋಳಿಗೂಡು ಕಟ್ಟಿಸಿಕೊಡಬೇಕೆಂಬ ಮನೆಯ ಅಜ್ಜಿಯ ಷರತ್ತಿಗೂ ಗೌಡರು ಒಪ್ಪಿದರು. ಗೂಡಿಗೆ ಕಾರಿಗಿಂತ ಹೆಚ್ಚು ಖರ್ಚಾಯಿತು. ಟ್ರ್ಯಾಕ್ಟರಿನ ಹಿಂದೆ ಹಲಗೆ ಕಟ್ಟಿ ಹೆರಾಲ್ಡನ್ನು ಹಾಸನದ ಮನೆ ಹಿತ್ತಿಲಿಗೆ ತಂದರು. ಅಂದಿನಿಂದ ಆ ಹಿತ್ತಿಲು ರಸಾಯನಶಾಲೆ.

ಒಂದು ಡ್ರಮ್ಮಿನಲ್ಲಿ ಕಾಕಂಬಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಎರಡು ಮೂರು ವಾರ ಮುಳುಗಿಸಿಟ್ಟರೆ ತುಕ್ಕು ಬಿಡುತ್ತದೆ, ಒಳಗಿನ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಇದು ಲೋಕದ ಹಳೇ ಕಾರಿನವರೆಲ್ಲ ಬಲ್ಲ ಉಪಾಯ. ಗೌಡರು ಮಾತ್ರ ಶೆಟ್ಟಿಹಳ್ಳಿ ಚರ್ಚಿನ ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂಬ ಜನರ ಮಾತನ್ನು ಆಧಾರವಾಗಿ ಕೊಡುತ್ತಾರೆ. ಅಲ್ಯೂಮಿನಿಯಂ ಭಾಗವನ್ನು ಅದರಲ್ಲಿ ಹಾಕಬಾರದು, ಹಾಕಿದರೆ ಅದನ್ನೇ ತಿಂದುಹಾಕುತ್ತದೆ. ನೊಣದ ವಿಷಯದಲ್ಲಿ ಪಕ್ಕದ ಮನೆಯವರ ಅಭಿಪ್ರಾಯ ಇಲ್ಲಿ ಬೇಡ. ಇನ್ನೊಂದು ತೊಟ್ಟಿಯಲ್ಲಿ ವಾಷಿಂಗ್ ಸೋಡ ಕರಗಿಸಿ ಬ್ಯಾಟರಿ ಚಾರ್ಜರಿನ ತಂತಿ ಇಳಿಬಿಟ್ಟಿದ್ದಾರೆ, ಗುಳುಗುಳು ಅನ್ನುತ್ತದೆ. ಬರುವ ಗುಳ್ಳೆ ಜಲಜನಕ, ಹತ್ತಿರ ಬೀಡಿ ಸೇದುವಂತಿಲ್ಲ. ಚಾಸಿಗೆ ಅಡಿಕೆ ಚೊಗರು ಬಳಿದಿದ್ದಾರೆ. ಜನ ನಕ್ಕರು, ಆದರೆ ಇದು ಪೂರ್ತಿ ಹುಚ್ಚಲ್ಲ. ಚೊಗರಿನ ಟ್ಯಾನಿನ್ನು ತುಕ್ಕಿನ ಜೊತೆ ಸೇರಿ ಕಪ್ಪು ಪದರವಾಗುತ್ತದೆ, ಅಂಗಡಿಯ ಡಬ್ಬಿಯಲ್ಲಿ ಸಿಗುವ ದುಬಾರಿ ಔಷಧಿಗಳಲ್ಲೂ ಟ್ಯಾನಿಕ್ ಆಮ್ಲ ಇರುವುದುಂಟು.

ಎಂಜಿನ್ನು ಮಾತ್ರ ಕಚ್ಚಿಕೊಂಡು ಕೂತಿತ್ತು. ಅವಸರಪಟ್ಟು ಬ್ಯಾಟರಿ ಕೊಟ್ಟರೆ ಪಿಸ್ಟನ್ ರಿಂಗು ಮುರಿಯುತ್ತದೆ. ಗೌಡರು ನಾಲ್ಕೂ ಪ್ಲಗ್ಗು ಬಿಚ್ಚಿ ಡೀಸೆಲ್ಲು, ಗೇರ್ ಎಣ್ಣೆ ಬೆರೆಸಿ ತೂತಿಗೆ ಹುಯ್ದರು. ದಿನಾ ಬೆಳಿಗ್ಗೆ ಸ್ನಾನ, ಸಂಧ್ಯೆ, ಆಮೇಲೆ ಕ್ರ್ಯಾಂಕಿನ ನಟ್ಟಿಗೆ ಸ್ಪಾನರ್ ಹಾಕಿ ಮೆಲ್ಲಗೆ ಒಂದು ಒತ್ತು. ಮಳೆಗಾಲ ಮುಗಿಯಿತು, ನವರಾತ್ರಿ ಮುಗಿಯಿತು. ಒಂದು ಬೆಳಿಗ್ಗೆ ಸ್ಪಾನರ್ ಅಂಗುಲದಷ್ಟು ಜರುಗಿತು. ಇನ್ನೊಮ್ಮೆ ಒತ್ತಿದರೆ ಅರ್ಧ ಸುತ್ತು. ಗೌಡರು ಎಣ್ಣೆಕೈಯಲ್ಲೇ ಅಡುಗೆಮನೆಗೆ ಓಡಿದರು.

"ಏನು, ಓಡ್ತದಾ?" ಎಂದರು ಹೆಂಡತಿ, ಒಲೆಯಿಂದ ಕಣ್ಣೆತ್ತದೆ.

"ಓಡಲ್ಲ. ಆದರೆ ತಿರುಗ್ತದೆ!"

"ತಿರುಗೋಕೆ ನಮ್ಮತ್ತೆ ಕಾಲದ ಬೀಸೋಕಲ್ಲೂ ತಿರುಗ್ತದೆ. ಕೈ ತೊಳ್ಕೊಂಡು ಬನ್ನಿ, ರೊಟ್ಟಿ ಆರ್ತಾ ಅದೆ."