ಬಾಗಿಲ ಮುಂದಿನ ಮೂರಡಿ

ಬಳ್ಳಾರಿಯಲ್ಲಿ ಮಳೆಗೆ ಬರ ಬರಬಹುದು, ಮನೆ ಕಟ್ಟಿಸುವವನಿಗೆ ಸಲಹೆಯ ಬರ ಬಂದದ್ದಿಲ್ಲ. ಅದರಲ್ಲೂ ತಲೆಬಾಗಿಲು ಊರ ಆಸ್ತಿ. ಬುನಾದಿ ತೋಡುವಾಗ ಈ ಕಡೆ ತಿರುಗಿ ನೋಡದವರೂ ಚೌಕಟ್ಟು ನಿಲ್ಲಿಸುವ ದಿನ ತಪ್ಪದೆ ಹಾಜರಾಗುತ್ತಾರೆ. ಅರಿಶಿನ ಕುಂಕುಮ ಹಚ್ಚಿದ ಚೌಕಟ್ಟಿಗೆ ಕೈಮುಗಿದು, ಒಗ್ಗರಣೆ ಮಂಡಕ್ಕಿಯ ಜೊತೆ ನಾಲ್ಕು ಮಿರ್ಚಿ ತಿಂದು, ಕೈ ಒರೆಸಿಕೊಳ್ಳುತ್ತಾ, "ಬಾಗ್ಲು ಸ್ವಲ್ಪ ಸಣ್ಣದಾತಲ್ಲ?" ಎಂದು ಹೋಗುತ್ತಾರೆ. ಹೋದವರು ಹೋಗುತ್ತಾರೆ, ಮಾತು ಮನೆಯಲ್ಲೇ ಉಳಿಯುತ್ತದೆ.

ನನ್ನ ಹೆಂಡತಿಯ ಬೇಡಿಕೆ ಸರಳವಾಗಿತ್ತು. "ಬಾಗ್ಲು ನೋಡಿದ ಕೂಡ್ಲೆ ಬಂದೋರಿಗೆ ಒಳಗೆ ಬರಬೇಕು ಅನ್ನಿಸ್ಬೇಕು" ಎಂದಳು. ಯಾರು ಯಾರಿಗೆ ಹಾಗೆ ಅನ್ನಿಸಬೇಕು ಎನ್ನುವುದನ್ನು ನಾನು ಕೇಳಲಿಲ್ಲ. ವಿಮೆ ಮಾಡಿಸುವವರು, ಚೀಟಿ ನಡೆಸುವವರು, ಐದು ವರ್ಷಕ್ಕೊಮ್ಮೆ ಕೈಮುಗಿಯುವವರು ಇವರಿಗೆಲ್ಲ ಯಾವ ಬಾಗಿಲು ನೋಡಿದರೂ ಹಾಗೇ ಅನ್ನಿಸುತ್ತದೆ. ಅದಕ್ಕೆ ವಿನ್ಯಾಸ ಬೇಕಿಲ್ಲ.

ಸಿರುಗುಪ್ಪದಿಂದ ಬಂದ ದೊಡ್ಡಪ್ಪ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿದರು. "ಬಾಗ್ಲು ಹೆಂಗಾರ ಇರ್ಲಪ್ಪ, ಕಾಲಿಗೆ ನೀರು ಎಲ್ಲಿ?" ಅದೊಂದೇ ಪ್ರಶ್ನೆ. ತುಂಗಭದ್ರೆಯ ಕಾಲುವೆಯಲ್ಲಿ ಭತ್ತ ಬೆಳೆದವರು ಹಾಗೆಯೇ ಕೇಳಬೇಕು. ಆ ಕಡೆಯ ಎರೆಮಣ್ಣು ಹಸಿಯಾದರೆ ಬಿಡುವ ಜಾತಿಯದಲ್ಲ. ಗದ್ದೆಯಿಂದ ಮನೆಗೆ ಬಂದ ರೈತ ಎರಡೂ ಪಾದಗಳಲ್ಲಿ ತನ್ನ ಪಹಣಿಯ ಒಂದಿಷ್ಟು ಭಾಗವನ್ನು ಹೊತ್ತು ತಂದಿರುತ್ತಾನೆ. ಕಾಲು ತೊಳೆಯುವ ಕಲ್ಲಿಲ್ಲದ ಮನೆಗೆ ಎಂಥ ಸಾಗವಾನಿ ಬಾಗಿಲಿದ್ದರೂ ಅವರ ಲೆಕ್ಕದಲ್ಲಿ ಅದು ಗೋದಾಮು.

ಕುರುಗೋಡಿನ ನಮ್ಮ ಮಾವನವರ ತಕರಾರೇ ಬೇರೆ. ಏಕಶಿಲೆಯಲ್ಲಿ ಕೂತ ದೊಡ್ಡಬಸವೇಶ್ವರನನ್ನು ಹುಟ್ಟಿದಾಗಿನಿಂದ ನೋಡಿದ ಕಣ್ಣಿಗೆ ಜಗತ್ತಿನಲ್ಲಿ ಮಿಕ್ಕಿದ್ದೆಲ್ಲ ಸಣ್ಣದೇ. "ನಮ್ಮೂರಾಗೆ ದೇವ್ರೇ ಅಷ್ಟು ದೊಡ್ಡೋನು. ಮನಿ ಬಾಗ್ಲು ಹಿಂಗ ಮೊಲದ ಬಿಲ ಆದ್ರೆ ಹೆಂಗ್ರೀ ಅಳಿಯಂದ್ರೆ?" ಎಂದರು. ಏಳಡಿಯ ಬಾಗಿಲಿಗೆ ಬಂದ ಮಾತಿದು. ಮಾವನವರ ಎತ್ತರ ಐದೂಕಾಲಡಿ.

ಇಂಜಿನಿಯರ್ ಹುಡುಗ ಉತ್ಸಾಹಿ. ಮೊಬೈಲಿನಲ್ಲಿ ಅರಮನೆಗಳ ಚಿತ್ರ ತೋರಿಸುತ್ತಾ "ಸಾರ್, ಡಬಲ್ ಹೈಟ್ ಎಂಟ್ರೆನ್ಸ್ ಕೊಡೋಣ, ಎಲಿವೇಶನ್ ಎದ್ದು ಕಾಣ್ತದೆ" ಎಂದ. ಅವನನ್ನು ಕೂರಿಸಿ ನಮ್ಮೂರ ಕೋಟೆಯ ಕಥೆ ಹೇಳಿದೆ. 18ನೆಯ ಶತಮಾನದಲ್ಲಿ ಹೈದರಾಲಿ ಫ್ರೆಂಚ್ ಇಂಜಿನಿಯರೊಬ್ಬನ ಕೈಯಲ್ಲಿ ಬಳ್ಳಾರಿಯ ಹಳೆಯ ಕೋಟೆಯನ್ನು ದುರಸ್ತಿ ಮಾಡಿಸಿ ವಿಸ್ತರಿಸಿದ. ಕೆಲಸವೆಲ್ಲ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಸಿಟ್ಟಿಗೆದ್ದ ಹೈದರ್ ಇಂಜಿನಿಯರನ್ನು ಗಲ್ಲಿಗೇರಿಸಿದನಂತೆ. ಕೋಟೆಯ ಪೂರ್ವದ ಬಾಗಿಲ ಬಳಿ ಇರುವ ಗೋರಿ ಅವನದೇ ಅಂತ ಊರವರ ಮಾತು. ಬಾಗಿಲಿಗೂ ಇಂಜಿನಿಯರಿಗೂ ಬಳ್ಳಾರಿಯಲ್ಲಿ ಇಂಥ ಹಳೆಯ ನಂಟಿದೆ ಎಂದು ಕೇಳಿದ ಮೇಲೆ ಹುಡುಗ ಡಬಲ್ ಹೈಟಿನ ಮಾತೆತ್ತಲಿಲ್ಲ.

ವಾಸ್ತು ನೋಡುವವರು ಬಂದು ಬಾಗಿಲನ್ನು ಒಂದೂವರೆ ಅಡಿ ವಾಯವ್ಯದ ಕಡೆಗೆ ಸರಿಸಿದರು. ಸಂಭಾವನೆ ತೆಗೆದುಕೊಂಡು ತಾವೂ ಸರಿದರು. ಆಗ ನನಗೆ ನೆನಪಾದದ್ದು ವಾಸ್ತುವಿನ ಹಂಗಿಲ್ಲದ ಹಳೆಯ ಮನೆಗಳು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ 1963-64ರಲ್ಲಿ ಉತ್ಖನನ ನಡೆದಾಗ ನವಶಿಲಾಯುಗದ ಜನರ ಮನೆಗಳ ಕುರುಹು ಸಿಕ್ಕಿದವು. ದುಂಡು ಗುಡಿಸಲುಗಳು! ಸುತ್ತು ಗೋಡೆಗೆ ಈಶಾನ್ಯವೂ ಇಲ್ಲ, ನೈಋತ್ಯವೂ ಇಲ್ಲ. ಮೂಲೆಯೇ ಇಲ್ಲದ ಮೇಲೆ ಮೂಲೆಯ ದೋಷ ಎಲ್ಲಿಂದ ಬರಬೇಕು? ನಮ್ಮ ಜಿಲ್ಲೆಯ ಪೂರ್ವಜರು ಒಂದು ಇಡೀ ವೃತ್ತಿಯನ್ನು ಹುಟ್ಟುವ ಮೊದಲೇ ನಿರುದ್ಯೋಗಕ್ಕೆ ತಳ್ಳಿದ್ದರು.

ಇಷ್ಟೆಲ್ಲ ಚರ್ಚೆ ಮುಗಿದು ಟೇಪು ಹಿಡಿದಾಗ ತಿಳಿದದ್ದು: ಗೇಟಿಗೂ ಬಾಗಿಲಿಗೂ ನಡುವೆ ನಮಗೆ ಉಳಿದಿರುವುದು ಮೂರಡಿ. ದೊಡ್ಡಪ್ಪನ ನಲ್ಲಿ, ಮಾವನವರ ಘನತೆ, ಹೆಂಡತಿಯ ತುಳಸಿಕಟ್ಟೆ, ಮಗನ ಬೈಕು, ಬೆಸಸಂಖ್ಯೆಯ ಮೆಟ್ಟಿಲು, ಚಪ್ಪಲಿ ಗೂಡು ಎಲ್ಲವೂ ಅದರಲ್ಲೇ ಆಗಬೇಕು. "ರ್‍ಯಾಂಪ್ ರಸ್ತೆಗೆ ಬಿಡ್ರಿ, ಎಲ್ರೂ ಬಿಟ್ಟಾರೆ" ಎಂದ ಮೇಸ್ತ್ರಿ. ನಿಜ. ನಮ್ಮ ಓಣಿಯಲ್ಲಿ ಈ ಮನೆಯ ರ್‍ಯಾಂಪ್ ಚರಂಡಿ ದಾಟಿ ಎದುರು ಮನೆಯ ರ್‍ಯಾಂಪಿಗೆ ಕೈಕುಲುಕುವುದೊಂದು ಬಾಕಿ.

ಬೇರೆಯವರು ಏನು ಮಾಡಿದ್ದಾರೆ ಅಂತ ನೋಡೋಣವೆಂದು ಓಣಿ ಸುತ್ತಿದೆ. ನೆಲದ ಮೇಲೆ 'ಸುಸ್ವಾಗತ' ಎನ್ನುವ ಕಾಲೊರಸು. ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ'. ಚೌಕಟ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಸಜ್ಜೆಗೆ ತೂಗುಬಿಟ್ಟ ಬೂದುಗುಂಬಳಕಾಯಿ. ಅದರ ಪಕ್ಕ ನಾಲಿಗೆ ಚಾಚಿದ ರಾಕ್ಷಸನ ಮುಖ, ಅವನ ಪಕ್ಕ ಮಿಟುಕುವ ಸಿಸಿ ಕ್ಯಾಮೆರಾ. ಬಂದವನು ಅತಿಥಿಯೋ, ಕಳ್ಳನೋ, ಕೆಟ್ಟ ಕಣ್ಣೋ ಎನ್ನುವುದು ಇತ್ಯರ್ಥವಾಗುವವರೆಗೆ ಅವನು ಎಲ್ಲರ ಪರವಾಗಿಯೂ ಬಿಸಿಲಲ್ಲಿ ನಿಲ್ಲಬೇಕು. ತೊಂಬತ್ತರ ದಶಕದಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ ರಾತ್ರಿ ಬರುವ ದೆವ್ವಕ್ಕೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಎಷ್ಟು ಸಭ್ಯ ಬರಹ ಅದು! ದೆವ್ವಕ್ಕಾದರೂ ಒಂದು ದಿನ ಗೊತ್ತು ಮಾಡಿ ಕರೆಯುತ್ತಿದ್ದೆವು.

ಹಳೆಯ ಮಾಳಿಗೆ ಮನೆಗಳಿಗೆ ಈ ಗೊಂದಲ ಇರಲಿಲ್ಲ. ಬಾಗಿಲ ಎರಡೂ ಬದಿಗೆ ಕಟ್ಟೆ, ಮೇಲೊಂದಿಷ್ಟು ನೆರಳು, ಎದುರಿಗೆ ಬೇವಿನ ಮರ. ಬಂದವನು ಮೊದಲು ಕೂರುತ್ತಿದ್ದ, ಆಮೇಲೆ ತಾನು ಯಾರೆಂದು ಹೇಳುತ್ತಿದ್ದ. ಕಟ್ಟೆಯ ತನಕ ಕರೆದು ಹೊಸ್ತಿಲ ಒಳಗೆ ಬಿಡದೆ ಜನರ ಜಾತಿ ಅಳೆದ ಕಾಲವೂ ಅದೇ, ಅದನ್ನು ಮರೆತು ಹೊಗಳುವುದು ಬೇಡ. ಆದರೆ ಕಟ್ಟೆಯನ್ನು ಒಡೆದು ಗ್ರಿಲ್ ಹಾಕಿದ ನಾವು ಅಳತೆಗೋಲನ್ನು ಬಿಸಾಡಲಿಲ್ಲ, ಕೂರುವ ಜಾಗವನ್ನಷ್ಟೇ ಬಿಸಾಡಿದೆವು.

ನಮ್ಮ ಬಾಗಿಲು ಪಡುವಣಕ್ಕೆ. ಏಪ್ರಿಲ್‌ನಲ್ಲಿ ಉಷ್ಣಾಂಶ ನಲವತ್ತು ದಾಟಿದಾಗ ಮಧ್ಯಾಹ್ನ ಮೂರಕ್ಕೆ ಸ್ಟೀಲ್ ಗೇಟಿನ ಹಿಡಿ ಮುಟ್ಟಿದ ಅತಿಥಿ ಗಂಟೆ ಒತ್ತುವ ಅಗತ್ಯವಿಲ್ಲ, ಅವನ ಕೂಗೇ ಒಳಗೆ ಕೇಳಿಸುತ್ತದೆ. ಹಾಗಾಗಿ ಸ್ಟೀಲು ಬಿಟ್ಟೆವು. ಸಜ್ಜೆಯನ್ನು ಗೇಟಿನವರೆಗೆ ಚಾಚಿ, ಅದರ ಕೆಳಗೆ ಕಡಪ ಕಲ್ಲಿನ ಒಂದು ಕಟ್ಟೆ, ಮೂಲೆಯಲ್ಲಿ ದೊಡ್ಡಪ್ಪನ ನಲ್ಲಿ, ಅದರ ಪಕ್ಕ ಮಣ್ಣಿನ ಕೊಡ ಇಟ್ಟೆವು. ಮಾವನವರ ಸಮಾಧಾನಕ್ಕೆ ಬಾಗಿಲ ಮೇಲೊಂದು ಗವಾಕ್ಷಿ. ಬೈಕು ಹೊರಗೆ ನಿಂತಿತು, ಮಗ ಮುನಿಸಿಕೊಂಡ. ಗೃಹಪ್ರವೇಶಕ್ಕೆ ದೊಡ್ಡಪ್ಪ ಭತ್ತದ ತೆನೆಯ ಗೊಂಚಲು ತಂದು ಚೌಕಟ್ಟಿಗೆ ಕಟ್ಟಿದರು. ಮುಯ್ಯಿ ಕವರು ತರದೆ ಬಂದು ಊಟ ಮಾಡಿ ಹೋದ ಮೊದಲ ಅತಿಥಿಗಳು ಗುಬ್ಬಿಗಳು.

ಈಗ ಆ ಕಟ್ಟೆ ಒಂದು ಗಳಿಗೆಯೂ ಖಾಲಿ ಇರುವುದಿಲ್ಲ. ಪಾರ್ಸೆಲ್ ಹುಡುಗ ಕೂತು ಮುಂದಿನ ವಿಳಾಸ ಹುಡುಕುತ್ತಾನೆ. ಸೊಪ್ಪಿನಾಕೆ ಬುಟ್ಟಿ ಇಳಿಸಿ ನೀರು ಕುಡಿಯುತ್ತಾಳೆ. ಜೀನ್ಸ್ ಹೊಲಿಗೆ ಕೆಲಸಕ್ಕೆ ಹೋಗುವ ಹೆಂಗಸರು ಆಟೋ ಬರುವವರೆಗೆ ಇಲ್ಲಿಯೇ ಓಣಿಯ ಸುದ್ದಿ ಮುಗಿಸುತ್ತಾರೆ. ನನ್ನ ಹೆಂಡತಿ ಕಸ ಹಾಕಲು ಹೊರಗೆ ಹೋದರೆ ಒಲೆಯ ಮೇಲಿನ ಹಾಲು ಉಕ್ಕಿದ ಮೇಲೇ ಒಳಗೆ ಬರುವುದು. ಒಳಗೆ ಬರಬೇಕು ಅನ್ನಿಸುವ ಬಾಗಿಲು ಕೇಳಿದವಳಿಗೆ ಹೊರಗೇ ಇರಬೇಕು ಅನ್ನಿಸುವ ಬಾಗಿಲು ಸಿಕ್ಕಿತು.

ಮನೆ ಕಟ್ಟಿಸುವವರಲ್ಲಿ ನನ್ನದೊಂದೇ ಅರಿಕೆ. ಚೌಕಟ್ಟಿನ ಕೆತ್ತನೆಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಬಾಗಿಲ ಹೊರಗೆ ಖರ್ಚು ಮಾಡಿ. ನಮ್ಮ ಸೀಮೆಯಲ್ಲಿ ಬಂದವನಿಗೆ ಮೊದಲು ಬೇಕಾದದ್ದು ನೆರಳು, ಎರಡನೆಯದು ಕೂರಲು ಕಲ್ಲು, ಮೂರನೆಯದು ನೀರು. ಬಾಗಿಲಿನ ಸರದಿ ನಾಲ್ಕನೆಯದು.